ನಾಲ್ಕು ಊರು, ಒಂದು ಕ್ಯಾಮೆರಾ

ಡಿಗ್ರಿ ಓದುತ್ತಿರುವ ಮಗಳಿಗೆ ಮಂಡ್ಯ ಜಿಲ್ಲೆಯ ಹಳೆಯ ದೇವಾಲಯಗಳ ಬಗ್ಗೆ ಹತ್ತು ನಿಮಿಷದ ಚಿತ್ರ ತಯಾರಿಸುವ ಕೆಲಸ ಕೊಟ್ಟಿದ್ದರು. ‘ಅಪ್ಪಾ, ಕ್ಯಾಮ್‌ಕಾರ್ಡರ್ ಬೇಕು’ ಎಂದಳು. ನಾನು 25 ಸಾವಿರ ರೂಪಾಯಿಗೆ ಗೆರೆ ಎಳೆದೆ. ಅಂಗಡಿಯಲ್ಲಿ ನಮಗೆ ಹಿಡಿಸಿದ್ದೆಲ್ಲ ಗೆರೆಯ ಆಚೆಗಿತ್ತು. ಕೊಳ್ಳುವ ಮುನ್ನ ಪರೀಕ್ಷೆಯಾಗಲಿ ಎಂದು ಸ್ನೇಹಿತರೊಬ್ಬರ ಕ್ಯಾಮ್‌ಕಾರ್ಡರ್ ಎರವಲು ತಂದು ಭಾನುವಾರ ಹೊರಟೆವು.

ಮೊದಲು ಶ್ರೀರಂಗಪಟ್ಟಣ. ರಂಗನಾಥಸ್ವಾಮಿ ಗೋಪುರವನ್ನು ಬೆಳಗಿನ ಬಿಸಿಲಲ್ಲಿ ಕ್ಯಾಮ್‌ಕಾರ್ಡರ್, ಮೊಬೈಲ್ ಎರಡರಲ್ಲೂ ತೆಗೆದೆವು. ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾಗಳೂ ಜಾಣರೇ! 1784ರ ದರಿಯಾ ದೌಲತ್‌ನಲ್ಲಿ ಕ್ಯಾಮೆರಾ ಚೀಲದಲ್ಲೇ ಇತ್ತು. ಗೋಡೆಯ ಮೇಲಿನ ಪೊಳ್ಳಿಲೂರು ಕದನವನ್ನು ಕಣ್ಣಲ್ಲೇ ತುಂಬಿಕೊಂಡೆವು.

ಪಾಂಡವಪುರದ ಕುಂತಿಬೆಟ್ಟದಲ್ಲಿ ಕ್ಯಾಮ್‌ಕಾರ್ಡರ್ ಗೆದ್ದಿತು. ದೂರದ ಬಂಡೆಯನ್ನು ಅದರ ಮಸೂರ ಹತ್ತಿರಕ್ಕೆ ಎಳೆದು ತಂದಿತು. ಇದು ಆಪ್ಟಿಕಲ್ ಜೂಮ್. ಡಿಜಿಟಲ್ ಜೂಮ್ ಎಂದರೆ ಇರುವ ಚಿತ್ರವನ್ನೇ ಹಿಗ್ಗಿಸುವುದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಆ ಅಂಕಿಗೆ ಮರುಳಾಗಬೇಡಿ. ಆದರೆ ಜೂಮ್ ಹೆಚ್ಚಿದಂತೆ ಕೈನಡುಕವೂ ಹೆಚ್ಚುತ್ತದೆ. ಸ್ಟ್ಯಾಂಡ್ ಇಲ್ಲದೆ ಬೆಟ್ಟವೇ ಕುಣಿಯುತ್ತಿತ್ತು.

ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಹೊರಗೋಡೆಯ ರಾಮಾಯಣ, ಮಹಾಭಾರತದ ಪಟ್ಟಿಕೆಗಳು ಚೆನ್ನಾಗಿ ಬಂದವು. ಅನುಮತಿ ಕೇಳಿ ಒಳಗೆ ಕಂಬಗಳತ್ತ ತಿರುಗಿಸಿದರೆ ಚಿತ್ರದ ತುಂಬ ನುಚ್ಚಕ್ಕಿ ಚೆಲ್ಲಿದಂತೆ ಚುಕ್ಕಿಗಳು! ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಾದರೆ ಹೀಗಾಗುತ್ತದೆ. ಟ್ಯೂಬ್‌ಲೈಟ್ ಮಿನುಗಿದಂತೆಯೂ ಕಂಡಿತು. ನಮ್ಮ ವಿದ್ಯುತ್ 50 ಹರ್ಟ್ಸ್. ಸೆಕೆಂಡಿಗೆ 25 ಚೌಕಟ್ಟು, ಐವತ್ತರ ಒಂದು ಸೆಕೆಂಡ್ ಶಟರ್ ಇಟ್ಟ ಮೇಲೆ ಸರಿಹೋಯಿತು.

ಸಂಜೆ ನಾಗಮಂಗಲದಲ್ಲಿ ಸೌಮ್ಯಕೇಶವನ ದರ್ಶನ ಮಾಡಿ ಅಜ್ಜಿಯ ಮನೆಗೆ ಹೋದೆವು. ಕ್ಯಾಮೆರಾ ಕಂಡದ್ದೇ ತಡ, ಅಜ್ಜಿ ಕಪಾಟಿನಿಂದ 1996ರ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ತಂದರು. ‘ತಾತನ ದನಿ ಇದರಲ್ಲಿದೆ, ಕೇಳಿಸ್ತೀಯೇನಪ್ಪಾ?’

ಟೇಪಿಗೆ ಬೂಷ್ಟು ಹಿಡಿದಿತ್ತು. ಅದನ್ನು ಓಡಿಸುವ ಯಂತ್ರವೂ ಮನೆಯಲ್ಲಿರಲಿಲ್ಲ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆಯನ್ನೇ ನಿಲ್ಲಿಸಿತು. ವಿಎಚ್‌ಎಸ್ ಚಿತ್ರದ ಸ್ಪಷ್ಟತೆ ಸುಮಾರು 240 ಗೆರೆಗಳಷ್ಟು ಮಾತ್ರ. ಅಜ್ಜಿಗೆ ಬೇಕಾದದ್ದು ಗೆರೆಗಳಲ್ಲ, ದನಿ.

ಮಗಳು ಮಾತಾಡಲಿಲ್ಲ. ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ ಸೋಬಾನೆ ಹಾಡಿಸಿದಳು. ಮೂರು ಮೊಳ ದೂರದ ಕ್ಯಾಮೆರಾಕ್ಕೆ ಹಾಡಿಗಿಂತ ಬೀದಿಯ ಸ್ಕೂಟರ್‌ಗಳೇ ಚೆನ್ನಾಗಿ ಕೇಳಿಸಿದವು. ಮೊಬೈಲನ್ನು ಅಜ್ಜಿಯ ಮಡಿಲಲ್ಲಿಟ್ಟು ಮತ್ತೆ ಹಾಡಿಸಿದಾಗ ಉಸಿರೂ ಸ್ಪಷ್ಟವಾಗಿತ್ತು.

ಹಿಂತಿರುಗುವಾಗ ಅವಳೇ ಲೆಕ್ಕ ಹಾಕಿದಳು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣ ಗಂಟೆಗೆ 45 ಜಿಬಿ ನುಂಗುತ್ತದೆ. ಕ್ಯಾಮೆರಾದ ಬೆಲೆಯ ಮೇಲೆ ಕಾರ್ಡ್, ಬ್ಯಾಟರಿ, ಸ್ಟ್ಯಾಂಡಿನ ಬೆಲೆಯೂ ಸೇರುತ್ತದೆ. ರಂಗನತಿಟ್ಟಿನ ಹಕ್ಕಿಗಳನ್ನು ತೆಗೆಯುವವರಿಗೆ, ಗಂಟೆಗಟ್ಟಲೆ ನಾಟಕ ಚಿತ್ರಿಸುವವರಿಗೆ ಕ್ಯಾಮ್‌ಕಾರ್ಡರ್ ಬೇಕೇ ಬೇಕು. ಮೈಕ್ ಸಿಕ್ಕಿಸುವ ಕಿಂಡಿ ಇದೆಯೇ ಎಂದು ನೋಡಿಕೊಳ್ಳಲಿ. ನಮಗೆ ಸದ್ಯಕ್ಕೆ ಇರುವ ಮೊಬೈಲ್ ಸಾಕು. ಒಂದು ಸ್ಟ್ಯಾಂಡ್, ಒಂದು ಕಾಲರ್ ಮೈಕ್ ಕೊಂಡೆವು. ಐದು ಸಾವಿರ ದಾಟಲಿಲ್ಲ.

ಅಜ್ಜಿಯ ಹಾಡು ಈಗ ಎರಡು ಕಡೆ ಭದ್ರವಾಗಿದೆ. ಕ್ಯಾಸೆಟ್ಟನ್ನು ಬೆಂಗಳೂರಿಗೆ ಒಯ್ದು ಶುಚಿ ಮಾಡಿಸಬೇಕು. ತಾತನ ದನಿ ಉಳಿದಿದ್ದರೆ ಮೊದಲು ಕೇಳುವವರು ಅಜ್ಜಿಯೇ.