ಬಾಣಂತಿಯ ಕೋಣೆಯಲ್ಲಿ ಹೊಸ ಸೂತಕ

ಹೆರಿಗೆಯು ಹೆಣ್ಣಿಗೆ ಮರುಹುಟ್ಟೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಜನನಸೂತಕವನ್ನೂ ಅಲ್ಲಗಳೆದರು. ಬಾಣಂತಿಯನ್ನು ಮೈಲಿಗೆಯೆಂದು ದೂರವಿರಿಸುವುದು ಅವರಿಗೆ ಸಮ್ಮತವಾಗಲಿಲ್ಲ. ಆದರೆ 2020ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿಯು ಲೋಕವನ್ನು ವ್ಯಾಪಿಸಿದಾಗ, ಹಡೆದ ತಾಯಿಯಿಂದ ಹಸುಗೂಸನ್ನು ಅಗಲಿಸುವ ಹೊಸ ಬಗೆಯ ಸೂತಕವೊಂದು ಆಸ್ಪತ್ರೆಗಳನ್ನು ಹೊಕ್ಕಿತು. ಇದು ಮೈಲಿಗೆಯ ಭಾವನೆಯಿಂದ ಬಂದುದಲ್ಲ, ಭಯದಿಂದ ಬಂದುದು. ರೋಗವು ಹೊಸದಾದ್ದರಿಂದ ಆ ಭಯವನ್ನು ಹಳಿಯುವಂತೆಯೂ ಇರಲಿಲ್ಲ.

ಚೀನಾ ದೇಶದ ವೂಹಾನ್ ನಗರದ ಒಂಬತ್ತು ಮಂದಿ ಸೋಂಕಿತ ಗರ್ಭಿಣಿಯರ ವೃತ್ತಾಂತವು 2020ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಶಸ್ತ್ರಚಿಕಿತ್ಸೆಯಿಂದಲೇ ಹೆರಿಗೆಯಾಯಿತು. ಕೂಸುಗಳೆಲ್ಲ ಜೀವಂತವಾಗಿ ಹುಟ್ಟಿದವು. ಅವರಲ್ಲಿ ಆರು ಮಂದಿಯ ಗರ್ಭಜಲವನ್ನೂ ಹೊಕ್ಕುಳಬಳ್ಳಿಯ ರಕ್ತವನ್ನೂ ಮೊಲೆಹಾಲನ್ನೂ ಪರೀಕ್ಷಿಸಲಾಗಿ ವೈರಾಣುವು ಕಾಣಲಿಲ್ಲ. ಹೀಗಿದ್ದೂ ಅಲ್ಲಿಯ ತಜ್ಞರು ಕೂಸನ್ನು 14 ದಿನ ಬೇರೆಯಿರಿಸಬೇಕೆಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಏಪ್ರಿಲಿನಲ್ಲಿ ತಾತ್ಕಾಲಿಕ ಅಗಲಿಕೆಯನ್ನೇ ಸೂಚಿಸಿ, ಜುಲೈ ವೇಳೆಗೆ ಆ ಮಾತನ್ನು ತಿದ್ದಿಕೊಂಡಿತು. ತಿದ್ದಿಕೊಂಡದ್ದು ವಿದ್ಯೆಗೆ ಭೂಷಣವೇ ಸರಿ. ಆದರೆ ಆ ನಡುವೆ ಹುಟ್ಟಿದ ಕೂಸುಗಳಿಗೆ ಕಳೆದುಹೋದ ಮೊದಲ ದಿನಗಳು ಮರಳಲಿಲ್ಲ.

ಎಲ್ಲರ ಕಣ್ಣೂ ಕೂಸಿನ ಮೇಲೆ ನೆಟ್ಟಿದ್ದಾಗ ಹೆಚ್ಚಿನ ಅಪಾಯವಿದ್ದುದು ತಾಯಿಗೆ. ತುಂಬುಗರ್ಭವು ಶ್ವಾಸಕೋಶಗಳನ್ನು ಮೇಲಕ್ಕೊತ್ತುತ್ತದೆ, ಪ್ರಾಣವಾಯುವಿನ ಅಗತ್ಯವು ಹೆಚ್ಚುತ್ತದೆ, ರಕ್ತವು ಹೆಪ್ಪುಗಟ್ಟುವ ಗುಣವೂ ಏರುತ್ತದೆ. ಕೊರೋನಾ ಎರಗುವುದು ಈ ಎಡೆಗಳಿಗೇ. 18 ದೇಶಗಳ 43 ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕಿತ ಗರ್ಭಿಣಿಯರಲ್ಲಿ ಮರಣವೂ ರಕ್ತದೊತ್ತಡದ ನಂಜೂ ದಿನ ತುಂಬದ ಹೆರಿಗೆಯೂ ಉಳಿದವರಿಗಿಂತ ಅಧಿಕವಾಗಿದ್ದವು. ಅವರ ಕೂಸುಗಳಲ್ಲಿ ಸೋಂಕು ಕಂಡದ್ದು ನೂರಕ್ಕೆ ಸುಮಾರು 13ರಲ್ಲಿ. ಮೊಲೆಯೂಡಿಸಿದ್ದರಿಂದ ಆ ಸಂಖ್ಯೆ ಏರಲಿಲ್ಲ. ಕೆಲವೆಡೆ ಮಾಸವೇ ರೋಗಕ್ಕೆ ತುತ್ತಾಗಿ, ಕೂಸು ಗರ್ಭದಲ್ಲಿಯೇ ತೀರಿಕೊಂಡದ್ದೂ ಉಂಟು.

ಭಾರತದಲ್ಲಿ ಎರಡನೆಯ ಅಲೆಯು ಇನ್ನೂ ಕ್ರೂರವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನಿನಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸೋಂಕಿತ ಗರ್ಭಿಣಿ-ಬಾಣಂತಿಯರಲ್ಲಿ ಮರಣವು ಮೊದಲ ಅಲೆಯಲ್ಲಿ ಶೇಕಡಾ 0.7 ಇದ್ದುದು ಎರಡನೆಯದರಲ್ಲಿ ಶೇಕಡಾ 5.7ಕ್ಕೆ ಏರಿತು. ಗರ್ಭಿಣಿಯರಿಗೆ ಲಸಿಕೆ ಹಾಕಲು ಕೇಂದ್ರ ಸರ್ಕಾರವು ಒಪ್ಪಿದುದು 2021ರ ಜುಲೈ 2ರಂದು. ಅಷ್ಟರಲ್ಲಿ ಆ ಅಲೆಯ ಉಬ್ಬರವು ಇಳಿದಿತ್ತು. ಬಸುರಿಗೆ ಕೇಡಾದೀತೆಂಬ ಅಳುಕಿನಿಂದ ಲಸಿಕೆಯನ್ನು ತಡೆದುದೇ ಕೆಲವರಿಗೆ ಕೇಡಾಯಿತೆನ್ನದೆ ವಿಧಿಯಿಲ್ಲ. ಲಸಿಕೆ ಪಡೆದ ತಾಯಿಯ ರಕ್ಷಕಕಣಗಳು ಹೊಕ್ಕುಳಬಳ್ಳಿಯ ಮೂಲಕವೂ ಹಾಲಿನ ಮೂಲಕವೂ ಕೂಸಿಗೆ ಸೇರುವುದು ಮುಂದೆ ಸ್ಪಷ್ಟವಾಯಿತು.

ವಿಶ್ವ ಆರೋಗ್ಯ ಸಂಸ್ಥೆಯಂತೂ 2020ರಲ್ಲಿಯೇ ತಾಯಿ ಮಗುವನ್ನು ಅಗಲಿಸಬಾರದೆಂದು ಹೇಳಿತ್ತು: ತಾಯಿಯು ಮೂಗುಬಾಯಿ ಮುಚ್ಚಿಕೊಂಡು, ಕೈ ತೊಳೆದು, ಕೂಸನ್ನು ಎದೆಗಪ್ಪಿ ಹಾಲೂಡಿಸಲಿ ಎಂದು. ಏಳಲಾಗದಷ್ಟು ನಿಶ್ಶಕ್ತಿಯಿದ್ದವಳ ಹಾಲನ್ನು ಹಿಂಡಿ ಶುಚಿಯಾದ ಬಟ್ಟಲಿನಿಂದಲೋ ಚಮಚೆಯಿಂದಲೋ ಕುಡಿಸಬಹುದು. ಹಳ್ಳಿಯ ಅಜ್ಜಿಯರು ಒಳಲೆಯಿಂದ ಮಾಡುತ್ತಿದ್ದುದೂ ಇದನ್ನೇ.