ಬಾವಿಗೆ ಆಳು ಇಳಿಸೋ ಮುಂಚೆ ಕಬ್ಬಿಣದ ಮೆಟ್ಟಿಲು ಬಡಿದು ನೋಡಿ

ಈಗ ಎಲ್ಲರ ತೋಟದಲ್ಲೂ ಬಾವಿ ಹೂಳು ತೆಗೆಸೋ ಕೆಲಸ. ಹೋದ ವಾರ ಪಕ್ಕದ ಊರಲ್ಲಿ ರಿಂಗ್ ಬಾವಿಗೆ ಇಳಿಯುತ್ತಿದ್ದವನ ಕಾಲಡಿ ಕಬ್ಬಿಣದ ಮೆಟ್ಟಿಲು ಮುರಿದು ಬಂತು. ಸೊಂಟಕ್ಕೆ ಹಗ್ಗ ಇತ್ತು, ಬಚಾವಾದ. ಆ ಸರಳು ನಾನು ನೋಡಿದೆ. ಹೊರಗೆ ಹೆಬ್ಬೆರಳು ಗಾತ್ರ, ಕೆರೆದರೆ ಒಳಗೆ ಪೆನ್ಸಿಲ್ಲಿನಷ್ಟೂ ಕಬ್ಬಿಣ ಇಲ್ಲ!

ತುಕ್ಕಿನ ಮೋಸ ಇರೋದೇ ಇಲ್ಲಿ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಜಾಸ್ತಿ ಜಾಗ ಹಿಡಿಯುತ್ತೆ. ಸವೆದ ಸರಳು ದಪ್ಪಗೇ ಕಾಣುತ್ತೆ. ಬೇಲಿಯ ಸಿಮೆಂಟ್ ಕಂಬ ಉದ್ದಕ್ಕೆ ಸೀಳೋದೂ ಒಳಗಿನ ಸರಳು ಹೀಗೆ ಉಬ್ಬಿಯೇ.

ಬರೀ ನೀರಿಂದ ತುಕ್ಕು ಹಿಡಿಯಲ್ಲ, ಬರೀ ಒಣಗಾಳಿಯಿಂದಲೂ ಇಲ್ಲ. ಎರಡೂ ಬೇಕು. ಒದ್ದೆಯಾದ ಕಬ್ಬಿಣ ಒಂದು ಕಡೆ ಎಲೆಕ್ಟ್ರಾನ್ ಬಿಟ್ಟು ನೀರಿಗೆ ಕರಗುತ್ತೆ. ಆ ಎಲೆಕ್ಟ್ರಾನು ಕಬ್ಬಿಣದೊಳಗೇ ಹರಿದು, ಗಾಳಿ ಚೆನ್ನಾಗಿ ಸಿಗೋ ಇನ್ನೊಂದು ಕಡೆ ಆಮ್ಲಜನಕಕ್ಕೆ ಸೇರುತ್ತೆ. ಪುಟ್ಟ ಬ್ಯಾಟರಿ ಅಂತಲೇ ತಿಳ್ಕೊಳ್ಳಿ. ಹಾಗಾಗಿ ಗಾಳಿ ಕಮ್ಮಿ ಇರೋ ಸಂದಿಯಲ್ಲೇ ಕಬ್ಬಿಣ ಹೆಚ್ಚು ಸವೆಯುತ್ತೆ: ನೇಗಿಲಿಗೆ ಮೆತ್ತಿದ ಹಸಿ ಮಣ್ಣಿನಡಿ, ಮೆಟ್ಟಿಲು ಸಿಮೆಂಟಿನೊಳಗೆ ಹೋಗೋ ಬುಡದಲ್ಲಿ. ನಡುವೆ ನಿಂತು ತುಳಿದು ನೋಡಿ ಗಟ್ಟಿ ಇದೆ ಅನ್ನೋರಿಗೆ ಇದು ಗೊತ್ತಿರಲಿ. ನೀರು ಏರಿಳಿಯೋ ಮಟ್ಟದಲ್ಲಿರೋ ಮೆಟ್ಟಿಲಿಗೆ ಇನ್ನೂ ಕಷ್ಟ, ದಿನಾ ನೆನೆದು ಒಣಗುತ್ತೆ.

ಕಬ್ಬಿಣ ಎಲೆಕ್ಟ್ರಾನ್ ಬಿಡೋದನ್ನ ಅಡಿಕೆಯವರು ಕಣ್ಣಾರೆ ಕಂಡಿದೀರಿ. ಬೋರ್ಡೋಗೆ ಸುಣ್ಣ ಸಾಲದಿದ್ದರೆ ಅದ್ದಿದ ಚಾಕುವಿಗೆ ಕೆಂಪು ಕೂರುತ್ತಲ್ಲ, ಅದು ತಾಮ್ರ. ಅಷ್ಟೇ ಕಬ್ಬಿಣ ಚಾಕುವಿಂದ ದ್ರಾವಣಕ್ಕೆ ಹೋಗಿರುತ್ತೆ. ಅಲ್ಲಿ ಎಲೆಕ್ಟ್ರಾನು ತಗೊಂಡಿದ್ದು ತಾಮ್ರ, ಬಾವಿಯಲ್ಲಿ ಆಮ್ಲಜನಕ. (ಪೊಟ್ಯಾಷ್ ಚೀಲ ಟಿಲ್ಲರ್ ಪಕ್ಕ ಇಡಬೇಡಿ ಅನ್ನೋದೂ ಇದಕ್ಕೇ. ಅದು ಉಪ್ಪು, ಕರಗಿದ ನೀರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ.)

ಜಿಐ ಪೈಪಿಗೆ ಗೀರು ಬಿದ್ದರೂ ಬೇಗ ತುಕ್ಕು ಬರಲ್ಲ, ಮೇಲಿನ ಸತು ಮೊದಲು ತಾನು ಕರಗಿ ಕಬ್ಬಿಣ ಉಳಿಸುತ್ತೆ. ಪೇಂಟಿಗೆ ಆ ಗುಣ ಇಲ್ಲ. ತುಕ್ಕಿನ ಮೇಲೇ ಪೇಂಟ್ ಹೊಡೆದರಂತೂ ಒಳಗೆ ಏನಾಗ್ತಿದೆ ಅಂತಲೂ ಕಾಣಲ್ಲ.

ಮೊನ್ನೆ ಸೊಂಟಕ್ಕೆ ಹಗ್ಗ ಬಿಗಿದು, ಬಿದಿರೇಣಿ ಮೇಲೆ ನಿಂತು, ನಮ್ಮ ಬಾವಿಯ 14 ಮೆಟ್ಟಿಲಿನ ಬುಡಕ್ಕೂ ಸುತ್ತಿಗೆಯಲ್ಲಿ ಬಡಿದೆ. 11 ಠಣ್ ಅಂದವು. 3 ಬೊದ್ ಅಂದು ಹಳಕು ಉದುರಿಸಿದವು, ಮೂರೂ ನೀರಿನ ಮಟ್ಟದವೇ. ಕತ್ತರಿಸಿ ತೆಗೆಸಿದೀನಿ. ಹೂಳು ತೆಗೆಯೋರು ಶನಿವಾರ ಬರ್ತಾರೆ, ಅವರಿಗೂ ಏಣಿಯೇ.