ಕೊಡೆಗಳ ಮೇಲೆ ಕನ್ಯೆಯರ ಲೆಕ್ಕ!

ಶಾಂಘೈಗೆ ಹೋದವನು ಮೊದಲು ಎಲ್ಲಿಗೆ ಓಡಿದೆ ಅಂತೀರಿ? ಸಿನಿಮಾ ಥಿಯೇಟರಿಗೆ! ನಾನ್‌ಜಿಂಗ್ ರಸ್ತೆಯ ‘ಗ್ರ್ಯಾಂಡ್ ಥಿಯೇಟರ್’ 1933ರಲ್ಲಿ ಹುಡೆಕ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಕಣ್ತುಂಬ ನೋಡಿ ರಸ್ತೆ ದಾಟಿದರೆ ಪೀಪಲ್ಸ್ ಪಾರ್ಕ್. ಹಿಂದೆ ಅದು ವಿದೇಶಿಯರ ಕುದುರೆ ರೇಸಿನ ಮೈದಾನ, 1952ರಲ್ಲಿ ಉದ್ಯಾನವಾಯ್ತು. ಕುದುರೆಗಳು ಹೋದವು, ಪಂದ್ಯ ಮಾತ್ರ ನಿಂತಿಲ್ಲ ನೋಡಿ!

ಅಂದು ಭಾನುವಾರ. ಮಳೆಯಿಲ್ಲ. ಆದರೂ ನೆಲದ ತುಂಬ ಬಿಚ್ಚಿಟ್ಟ ಕೊಡೆಗಳು! ಒಂದೊಂದಕ್ಕೂ ಅಂಟಿಸಿದ ಕಾಗದ... ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಉಂಟೋ ಇಲ್ಲವೋ. ಕೊಡೆಯ ಹಿಂದೆ ಕೂತವರು ವಯಸ್ಸಾದ ಅಪ್ಪ-ಅಮ್ಮಂದಿರು. ಮದುವೆಯಾಗಬೇಕಾದ ಮಗಳು? ಅವಳು ಅಲ್ಲಿ ಇಲ್ಲವೇ ಇಲ್ಲ! ಎಷ್ಟೋ ಸಲ ಅವಳಿಗೆ ವಿಷಯವೇ ಗೊತ್ತಿರೋದಿಲ್ಲ. 2004-05ರ ಸುಮಾರಿಗೆ ಶುರುವಾದ ಮದುವೆ ಸಂತೆಯಿದು.

ಇದರೊಳಗೆ ಕ್ಯಾಮೆರಾ ತಂದಾಕೆ ಗುವೊ ಯಿಂಗ್‌ಗುವಾಂಗ್ ಎಂಬ ಕಲಾವಿದೆ. ಹುಟ್ಟಿದ್ದು 1983ರಲ್ಲಿ. ಮೂವತ್ತರ ಹತ್ತಿರ ಬಂದರೂ ಮದುವೆಯಾಗದ ಹೆಣ್ಣಿಗೆ ಅಲ್ಲಿ ‘ಷೆಂಗ್ ನ್ಯು’ ಅಂತಾರೆ. ಅಂದರೆ ‘ಉಳಿದುಹೋದವಳು’. ತಂಗಳನ್ನಕ್ಕೆ ಹೇಳುವ ಮಾತು ಹೆಣ್ಣಿಗೆ! 2007ರಲ್ಲಿ ಚೀನಾದ ಶಿಕ್ಷಣ ಇಲಾಖೆಯೇ ಅದನ್ನು ಹೊಸ ಪದಗಳ ಪಟ್ಟಿಗೆ ಸೇರಿಸಿತು.

ಈಕೆ ಏನು ಮಾಡಿದಳು ಗೊತ್ತೇ? ತನ್ನ ವಿವರ ಬರೆದು ಹಿಡಿದು, ಸಂತೆಯಲ್ಲಿ ತಾನೇ ನಿಂತಳು. ನಡೆದದ್ದನ್ನು ಗುಟ್ಟಾಗಿ ವಿಡಿಯೋ ಮಾಡಿಸಿದಳು. ಹಿರಿಯರು ಹತ್ತಿರ ಬರುತ್ತಾರೆ, ವಿಚಾರಿಸುತ್ತಾರೆ, ವಯಸ್ಸು ಕೇಳುತ್ತಾರೆ... ಅಷ್ಟೇ, ಹೊರಟುಹೋಗುತ್ತಾರೆ! ಡ್ಯುಯೆಟ್ ಇಲ್ಲ, ಫೈಟಿಂಗ್ ಇಲ್ಲ. ಆದರೂ ಎದೆಗೆ ಗುದ್ದಿದ ಹಾಗಾಗುತ್ತದೆ. ‘ದ ಬ್ಲಿಸ್ ಆಫ್ ಕನ್‌ಫಾರ್ಮಿಟಿ’ ಎಂಬ ಈ ಕೃತಿ-ಮಾಲೆಯ ಗುವೊಗೆ 2017ರಲ್ಲಿ ಜಿಮೇ-ಆರ್ಲ್ ಉತ್ಸವದ ಮಹಿಳಾ ಛಾಯಾಗ್ರಾಹಕರ ಪ್ರಶಸ್ತಿ ಬಂತು.

ಹಾಗಾದರೆ ಆ ಅಪ್ಪ-ಅಮ್ಮಂದಿರು ಖಳನಾಯಕರೇ? ಅಲ್ಲ ಸ್ವಾಮಿ. 1980ರಿಂದ 2015ರವರೆಗೆ ಅಲ್ಲಿ ಒಂದೇ ಮಗುವಿನ ನಿಯಮ. ಅನೇಕರಿಗೆ ಇರುವವಳು ಒಬ್ಬಳೇ. ತಾವು ಹೋದ ಮೇಲೆ ಅವಳಿಗೆ ಯಾರು ಅನ್ನೋ ಭಯ. ಆ ಭಯದ ಭಾರವನ್ನೆಲ್ಲ ಹೊರುವವಳು ಮಾತ್ರ ಮಗಳು.

ಒಬ್ಬ ಅಜ್ಜಿ ನನ್ನನ್ನೂ ಅಡಿಯಿಂದ ಮುಡಿಯವರೆಗೆ ಅಳೆದರು. ನನ್ನ ಕಾಗದದಲ್ಲಿ ಏನು ಬರೆಯಲಿ? ಓದು: ಪಿಯುಸಿ ಅರ್ಧಕ್ಕೆ. ಮನೆ: ಬಾಡಿಗೆಯದು. ಸಂಬಳ: ಲೇಖನ ಅಚ್ಚಾದರೆ ಉಂಟು! ಯಾವ ಕೊಡೆಯ ಮೇಲೂ ನಿಲ್ಲದ ಸರಕು ನಾನು. ಆದರೂ ನಮ್ಮೂರಲ್ಲಿ ಹೆಣ್ಣು ನೋಡಲು ಹೋದರೆ, ಉಪ್ಪಿಟ್ಟು ಮೆಲ್ಲುತ್ತಾ ಪ್ರಶ್ನೆ ಕೇಳುವ ಕುರ್ಚಿ ನನಗೇ!

ಹೆಣ್ಣು ನೋಡಲು ಹೊರಟ ಗೆಳೆಯರೇ, ಈ ಸಲ ಅವಳೇ ಮೊದಲು ಕೇಳಲಿ ಬಿಡಿ. ನಿಮ್ಮ ಉತ್ತರ ರೆಡಿ ಇದೆಯಾ?